ಕಪ್ಪತ್ತಗುಡ್ಡದ ಹೊನ್ನು

ಹುಬ್ಬಳ್ಳಿ-ಧಾರವಾಡಗಳಿಂದ ಮೂಡಲಿಗೆ ಗದಗನ್ನು ದಾಟಿದರೆ, ಡಂಬಳ ಡೋಣಿಗಳ ನೆರೆಯಲ್ಲಿ ಕಪ್ಪತ್ತಗುಡ್ಡದ ಸಾಲು ತೋರುವುದು. 1997ರವರೆಗೆ ಇದು ಧಾರವಾಡ ಜಿಲ್ಲೆಗೇ ಸೇರಿದ್ದಿತು. ಇಲ್ಲಿಯ ಹೊನ್ನಿನ ಶಿಲೆಗಳನ್ನು ಕುರಿತು ರಾಬರ್ಟ್ ಬ್ರೂಸ್ ಫುಟ್ ಅವರು 1874ರಲ್ಲಿಯೇ ಬರೆದರು.

ಆದರೆ ಹೊನ್ನನ್ನು ಅವರಿಗಿಂತ ಮೊದಲೇ ಬಲ್ಲವರು ಜಲಗಾರರು. ಜಲಗಾರನೆಂದೊಡನೆ ಬೀದಿ ಗುಡಿಸುವವನನ್ನು ನೆನೆಯುವವರುಂಟು. ಇಲ್ಲಿಯ ಜಲಗಾರನು ಮಳೆ ನಿಂತ ಮೇಲೆ ಹಳ್ಳದ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆಯುವವನು. ಅವನ ಹಕ್ಕಿಗೆ ರೂಢಿಯೇ ಆಧಾರ, ಕಾಗದವಿಲ್ಲ. 1879ರ ಮುಂಬಯಿ ಭೂಕಂದಾಯ ಸಂಹಿತೆಯು, ಸರಕಾರವು ಪರರಿಗೆ ಬಿಟ್ಟುಕೊಡದ ನೆಲದ ಖನಿಜಗಳು ತನ್ನವೆಂದು ಸಾರಿತು. ಹಿಡುವಳಿದಾರರ ಆಗಿನ ಹಕ್ಕುಗಳಿಗೆ ಬಾಧೆಯಿಲ್ಲವೆಂದು ಅದೇ ಕಲಮು ಹೇಳಿತೇನೋ ನಿಜ. ಹಳ್ಳದ ಮರಳಿಗೆ ಹಿಡುವಳಿದಾರನೆಲ್ಲಿ? 1927ರ ಅರಣ್ಯ ಕಾಯಿದೆಯಂತೆ ಕಾಡೊಂದನ್ನು ಕಾದಿರಿಸುವಾಗ, ಹಕ್ಕುಳ್ಳವರು ಗೊತ್ತುಪಡಿಸಿದ ಅವಧಿಯೊಳಗೆ ಅಧಿಕಾರಿಯ ಮುಂದೆ ಹೇಳಿಕೊಳ್ಳಬೇಕು. ಆ ಅವಧಿ ಮೂರು ತಿಂಗಳಿಗೆ ಕಡಿಮೆಯಿರಲಾಗದು. ಹೇಳಿಕೊಳ್ಳದ ಹಕ್ಕು, ವಿಶೇಷ ಕಾರಣವಿಲ್ಲದಿದ್ದರೆ, ಅಳಿದುಹೋಗುವುದು. ರೂಢಿಯಿಂದ ಬಾಳುವವನಿಗೆ ಇದು ಕಠಿಣವಾದ ನಿಯಮವೆಂದೇ ನಾವು ಭಾವಿಸುತ್ತೇವೆ.

20ನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಕಬಲಾಯತಕಟ್ಟಿಯ ಸುತ್ತ ಗಣಿ ತೋಡಿದುವು. ಕಬೂಲಾಯತಿ ಎಂದರೆ ಒಪ್ಪಿಗೆಯ ಪತ್ರ. ಊರ ಹೆಸರಿನ ಮೂಲವೇನೇ ಇರಲಿ, ನಮ್ಮ ಪ್ರಸಂಗಕ್ಕೆ ಒಪ್ಪುವ ಹೆಸರು. ಆ ಗಣಿಗಳು ಬಹುಕಾಲ ಬಾಳಲಿಲ್ಲ.

ಪತ್ರವುಳ್ಳವನ ಹಕ್ಕಾದರೂ ಎಷ್ಟು ಗಟ್ಟಿ? 1980ರ ಅರಣ್ಯ ಸಂರಕ್ಷಣಾ ಕಾಯಿದೆಯು, ಕಾಡನ್ನು ಅನ್ಯ ಕೆಲಸಕ್ಕೆ ಬಳಸಲು ಕೇಂದ್ರದ ಅನುಮತಿ ಬೇಕೆಂದಿತು. ನಮ್ಮ ಗುತ್ತಿಗೆ ಅದಕ್ಕೂ ಹಿಂದಿನದು, ನವೀಕರಿಸಿಕೊಡಿರೆಂದು ಗುಜರಾತಿನ ಕಲ್ಲುಗಣಿಯವರು ವಾದಿಸಿದರು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ: ಅವಧಿ ತೀರಿದ ಗುತ್ತಿಗೆಯ ನವೀಕರಣಕ್ಕೂ ಆ ಅನುಮತಿ ಬೇಕೆಂದಿತು. ಆ ತೀರ್ಪು ದೇಶದ ಕಾಡುಗಳಿಗೆಲ್ಲ ಅನ್ವಯಿಸಿದುದರಿಂದ ನಮ್ಮ ಗುಡ್ಡಕ್ಕೂ ಸಲ್ಲುವುದು.

ಗುಡ್ಡದ ಗತಿ ಆ ಮೇಲೆಯೂ ತೂಗಾಡಿತು. 2015ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿದ ಸರಕಾರವೇ 2016ರಲ್ಲಿ ಆಜ್ಞೆಯನ್ನು ಹಿಂದೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದಾಗಿ ಜನರು ಧರಣಿ ಕುಳಿತರು. 2017ರಲ್ಲಿ ಆಜ್ಞೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಇಂತಹ ಧಾಮಗಳೊಳಗೂ ಅವುಗಳ ಎಲ್ಲೆಯಿಂದ ಒಂದು ಕಿಲೋಮೀಟರಿನವರೆಗೂ ಗಣಿಗಾರಿಕೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಹೇಳಿತು. ಕಂಪನಿಯು ತನ್ನ ಪತ್ರವನ್ನು ಹಿಡಿದು ನ್ಯಾಯಾಲಯದ ಬಾಗಿಲಿಗೆ ಹೋಗಬಲ್ಲದು. ಹಳ್ಳದ ದಡದ ಜಲಗಾರನು ಏನನ್ನು ಹಿಡಿದು ಹೋಗಬೇಕು?