ಖಾತರಿ ಇಳುವರಿ ಮತ್ತು ಮರುಕಳಿಸುವ ಬೆಳೆನಷ್ಟ: ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕುರಿತ ಟಿಪ್ಪಣಿ

1. ವ್ಯಾಪ್ತಿ
ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮಳೆಯಾಶ್ರಿತ ಗೋವಿನಜೋಳಕ್ಕೆ ಪ್ರಧಾನ ಮಂತ್ರಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯ ಆಸರೆ ಎಷ್ಟು ಎಂಬುದು ಇಲ್ಲಿನ ಪ್ರಶ್ನೆ. ಅಂಕಿಅಂಶಗಳನ್ನು ಹೋಲಿಸುವವರು ಎರಡು ಗಡಿ ಬದಲಾವಣೆಗಳನ್ನು ಗಮನಿಸಬೇಕು. 1997ಕ್ಕೆ ಮೊದಲು ಈ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ರಟ್ಟೀಹಳ್ಳಿ ಪ್ರತ್ಯೇಕ ತಾಲ್ಲೂಕಾದ ಬಳಿಕ ‘ಹಿರೇಕೆರೂರು’ ಎಂಬ ಶೀರ್ಷಿಕೆಯ ಅಂಕಿಗಳು ಹಳೆಯ ಕ್ಷೇತ್ರದವಲ್ಲ.

2. ಸೂತ್ರ
ಯೋಜನೆಯ 2016ರ ಮಾರ್ಗಸೂಚಿಯಂತೆ, ಹಿಂದಿನ ಏಳು ವರ್ಷಗಳಲ್ಲಿ ವಿಪತ್ತು ಘೋಷಿತವಾದ ಗರಿಷ್ಠ ಎರಡು ವರ್ಷಗಳನ್ನು ಬಿಟ್ಟು ಇಳುವರಿಯ ಸರಾಸರಿ ತೆಗೆಯಬೇಕಿತ್ತು. 2018ರ ಪರಿಷ್ಕರಣೆಯ ನಂತರ ಏಳರಲ್ಲಿ ಅತ್ಯುತ್ತಮ ಐದು ವರ್ಷಗಳ ಸರಾಸರಿಯೇ ಆಧಾರ. ಅದನ್ನು ನಷ್ಟಪರಿಹಾರ ಮಟ್ಟದಿಂದ (ಶೇ 70, 80 ಅಥವಾ 90) ಗುಣಿಸಿದರೆ ಖಾತರಿ ಇಳುವರಿ. ಘೋಷಣೆಯ ಹಂಗು ತಪ್ಪಿದ್ದರಿಂದ ಎರಡನೆಯ ಕ್ರಮವೇ ಮೇಲೆಂದು ತೋರುತ್ತದೆ. ಆದರೆ ಮೂರನೆಯ ಕೆಟ್ಟ ವರ್ಷಕ್ಕೆ ಎರಡರಲ್ಲೂ ಮದ್ದಿಲ್ಲ. ಆಗಸ್ಟ್ 2019ರ ನೆರೆ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ 2023 ಇವೆರಡೂ ಏಳು ವರ್ಷಗಳ ಒಂದೇ ಅವಧಿಯೊಳಗೆ ಬೀಳುತ್ತವೆ; ಇನ್ನೊಂದು ಕೆಟ್ಟ ವರ್ಷ ಬಂದರೆ ಅದೇ ಮೂರನೆಯದು.

3. ಲೆಕ್ಕ
ಕೆಳಗಿನ ಅಂಕಿಗಳು ಉದಾಹರಣೆಗಷ್ಟೇ. ಯಾವುದೇ ಗ್ರಾಮ ಪಂಚಾಯಿತಿಯವಲ್ಲ. ಹೆಕ್ಟೇರಿಗೆ ಕ್ವಿಂಟಲ್‌ಗಳಲ್ಲಿ, ಏಳು ವರ್ಷಗಳ ಇಳುವರಿ ಕ್ರಮವಾಗಿ: 30, 32, 28, 31, 29, 12, 10. ಉತ್ತಮ ಐದರ ಸರಾಸರಿ 30. ಶೇ 80ರ ಮಟ್ಟದಲ್ಲಿ ಖಾತರಿ ಇಳುವರಿ 24. ಮುಂದಿನ ವರ್ಷ ಕಟಾವು ಪ್ರಯೋಗದಲ್ಲಿ (ಇಳುವರಿ ಅಳೆಯುವ ಮಾದರಿ ಕೊಯ್ಲು) 18 ಬಂದರೆ ಕೊರತೆ ಶೇ 25. ವಿಮಾ ಮೊತ್ತ ₹50,000 ಆದರೆ ಪರಿಹಾರ ₹12,500.

ಅದರ ಬದಲು ಆ ವರ್ಷ 15 ಬಂದಿತೆನ್ನೋಣ. ಮರುವರ್ಷದ ಲೆಕ್ಕದಲ್ಲಿ ಹಳೆಯ 30 ಹೊರಬಿದ್ದು 15 ಒಳಬರುತ್ತದೆ. ಸರಾಸರಿ 27, ಖಾತರಿ 21.6. ಆಗ ಅದೇ 18ರ ಇಳುವರಿಗೆ ಸಿಗುವುದು ₹8,333 ಮಾತ್ರ. ಹೊಲದಲ್ಲಿ ಬೆಳೆದದ್ದು ಒಂದೇ, ಬಿತ್ತನೆ ಬೀಜ-ಗೊಬ್ಬರಕ್ಕೆ ಸುರಿದದ್ದೂ ಕಡಿಮೆಯಾಗಿಲ್ಲ. ನಷ್ಟವನ್ನು ಅಳೆಯುವ ಕೋಲು ಮಾತ್ರ ಗಿಡ್ಡವಾಗಿದೆ. ಈ ಇಳಿಕೆಯನ್ನು ವಿಮಾ ವರದಿಗಳಲ್ಲಿ ಪ್ರತ್ಯೇಕವಾಗಿ ತೋರಿಸುವುದು ಅಗತ್ಯ.

4. ಘಟಕ
ಪ್ರಮುಖ ಬೆಳೆಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ವರದಾ ನದಿ ದಂಡೆಯ ಮುಳುಗಿದ ಹೊಲವೂ ಅದೇ ಪಂಚಾಯಿತಿಯ ಎತ್ತರದ ಮಡ್ಡಿಯೂ ಒಂದೇ ಸರಾಸರಿಯಲ್ಲಿ ಸೇರುತ್ತವೆ. ಸ್ಥಳೀಯ ವಿಪತ್ತಿನಡಿ ಬಿಡಿ ಹೊಲದ ಸಮೀಕ್ಷೆಗೆ ಅವಕಾಶವಿದ್ದರೂ 72 ಗಂಟೆಯೊಳಗೆ ದೂರು ದಾಖಲಾಗಬೇಕು.

5. ಸಾಲ
ಬೆಳೆಹಾನಿಯ ಶೇಕಡಾವಾರು ವಿಮೆಗಷ್ಟೇ ಅಲ್ಲ, ಬೆಳೆಸಾಲಕ್ಕೂ ಮುಖ್ಯ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಂತೆ ಬೆಳೆಹಾನಿ ಶೇ 33ರಿಂದ 50 ಇದ್ದರೆ ಬೆಳೆಸಾಲದ ಮರುಪಾವತಿಗೆ ಗರಿಷ್ಠ 2 ವರ್ಷ, ಅದಕ್ಕೂ ಹೆಚ್ಚಿದ್ದರೆ 5 ವರ್ಷ ಎಂದಿತ್ತು. ಈ ಶೇಕಡಾವಾರು ವಿಮೆಯ ಖಾತರಿ ಇಳುವರಿಯಿಂದ ಬರುವುದಿಲ್ಲ. ಮೇಲಿನ ಉದಾಹರಣೆಯ ಮೊದಲ ಲೆಕ್ಕದಲ್ಲಿ ಸರಾಸರಿ 30ಕ್ಕೆ ಹೋಲಿಸಿದರೆ ಹಾನಿ ಶೇ 40. ವಿಮೆಯ ಪ್ರಕಾರ ಶೇ 25. ಆದ್ದರಿಂದ ಬ್ಯಾಂಕಿನ ಕಡತವನ್ನೂ ವಿಮೆಯ ಕಡತವನ್ನೂ ಜೊತೆಗಿಟ್ಟು ಓದುವವರು ಎರಡೂ ಶೇಕಡಾವಾರುಗಳ ಛೇದವನ್ನು ಮೊದಲು ನಮೂದಿಸಿಕೊಳ್ಳಬೇಕು.