ಸೈರನ್ ಇಲ್ಲದ ಕಾರ್ಖಾನೆ

ಬೆಂಗಳೂರಿನ ಕೆ.ಆರ್. ಪುರದ ಬಳಿ ದೂರವಾಣಿನಗರವಿದೆ. ಟೆಲಿಫೋನಿನ ಹೆಸರು ಹೊತ್ತ ಊರು ಅದು. 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷವೇ, ಇಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಬ್ರಿಟಿಷ್ ಕಂಪೆನಿಯೊಂದರ ತಂತ್ರಜ್ಞಾನ ಪಡೆದು ದೇಶಕ್ಕೆ ಬೇಕಾದ ಫೋನು, ಎಕ್ಸ್‌ಚೇಂಜುಗಳನ್ನು ತಯಾರಿಸಿದ ಐಟಿಐ, ಆ ಕಾಲದ ದೊಡ್ಡ ತಂತ್ರಜ್ಞಾನ ಕಂಪೆನಿ.

ಅಲ್ಲಿ ಕೆಲಸ ಸಿಕ್ಕಿತೆಂದರೆ ಬರೀ ಸಂಬಳ ಸಿಕ್ಕಿತೆಂದಲ್ಲ. ಕ್ವಾರ್ಟರ್ಸು, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಕ್ಯಾಂಟೀನಿನ ಊಟ ಎಲ್ಲವೂ ಅದರೊಂದಿಗೆ ಬರುತ್ತಿದ್ದವು. ‘ಹುಡುಗ ಐಟಿಐನಲ್ಲಿದ್ದಾನೆ’ ಎಂದರೆ ಸಾಕು, ಮದುವೆಯ ಮಾತುಕತೆ ಸಲೀಸಾಗುತ್ತಿತ್ತು. ಸೈರನ್ ಕೂಗಿದರೆ ಪಾಳಿ ಮುಗಿಯಿತು. ಅದರಾಚೆ ದುಡಿದರೆ ಓವರ್‌ಟೈಮ್.

ಹಾಗೆಂದು ಅದೇನೂ ಸ್ವರ್ಗವಾಗಿರಲಿಲ್ಲ. 1980ರ ಡಿಸೆಂಬರ್‌ನಲ್ಲಿ ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಮೊದಲಾದ ಕಾರ್ಖಾನೆಗಳ ಕಾರ್ಮಿಕರು ಬಿಎಚ್‌ಇಎಲ್ ನೌಕರರಿಗೆ ಸಮನಾದ ವೇತನ ಕೇಳಿ ಮುಷ್ಕರ ಹೂಡಿದರು. 77 ದಿನ ಹೊರಗೆ ಕುಳಿತವರು ಬೇಡಿಕೆ ಈಡೇರದೆಯೇ ಒಳಗೆ ಹೋದರು. ಸೋತರು ನಿಜ. ಆದರೆ ಒಟ್ಟಾಗಿ ಕೇಳಲು ಅವರಿಗೊಂದು ಸಂಘವಿತ್ತು.

ಅದೇ 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು ಇನ್ಫೋಸಿಸ್ ಕಟ್ಟಿದರು. 1983ರಲ್ಲಿ ಅದು ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು, ಉಪಗ್ರಹದ ಮೂಲಕ ಕೆಲಸವನ್ನು ಅಮೆರಿಕಕ್ಕೆ ರವಾನಿಸತೊಡಗಿತು. ಮಧ್ಯಮವರ್ಗದ ಸಾವಿರಾರು ಮನೆಗಳ ಬದುಕು ಒಂದೇ ತಲೆಮಾರಿನಲ್ಲಿ ಬದಲಾಯಿತು. ಇನ್ಫೋಸಿಸ್ ನೌಕರರಿಗೆ ಷೇರುಗಳನ್ನೂ ಹಂಚಿತು. ಅಪ್ಪ ನಿವೃತ್ತಿಯಾಗುವಾಗ ಪಡೆದ ಸಂಬಳವನ್ನು ಮಗಳು ಮೊದಲ ತಿಂಗಳೇ ತಂದಳು. ಇದನ್ನು ಅಲ್ಲಗಳೆಯುವುದು ಅನ್ಯಾಯ.

ಆದರೆ ಈ ಹೊಸ ಕಾರ್ಖಾನೆಗೆ ಸೈರನ್ ಇರಲಿಲ್ಲ. ಅಮೆರಿಕದಲ್ಲಿ ಬೆಳಗಾದಾಗ ಇಲ್ಲಿ ರಾತ್ರಿ. ಮಾತುಕತೆ ನಡೆಯುವುದು ಆಗಲೇ. ಕೆಲಸದ ವೇಳೆ, ರಜೆ, ವಜಾ ಇವುಗಳ ನಿಯಮವನ್ನು ಮಾಲೀಕ ಬರೆದಿಡಬೇಕೆಂದು 1946ರ ಸ್ಥಾಯಿ ಆದೇಶಗಳ ಕಾಯ್ದೆ ವಿಧಿಸಿತ್ತು. ಕರ್ನಾಟಕ ಸರ್ಕಾರ ಐಟಿ ಕಂಪೆನಿಗಳಿಗೆ ಅದರಿಂದ ಮತ್ತೆ ಮತ್ತೆ ವಿನಾಯಿತಿ ಕೊಟ್ಟಿತು, 2024ರಲ್ಲೂ ವಿಸ್ತರಿಸಿತು. ಅದೇ ವರ್ಷ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು 2017ರಲ್ಲಷ್ಟೇ ಹುಟ್ಟಿದ ಐಟಿ ನೌಕರರ ಸಂಘ. ‘ನಾವು ಕಾರ್ಮಿಕರಲ್ಲ, ಪ್ರೊಫೆಷನಲ್‌ಗಳು’ ಎಂದು ನಂಬಿದ್ದವರಿಗೆ ತಾವೂ ದುಡಿಯುವ ಜನವೆಂದು ಅರಿವಾಗಲು ಮೂರು ದಶಕ ಬೇಕಾಯಿತು.

ದೂರವಾಣಿನಗರದ ಕಾರ್ಮಿಕ ದಿನವಿಡೀ ಫೋನು ಜೋಡಿಸಿ, ಸಂಜೆ ಅದನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ. ಅವನ ಮಗಳ ಫೋನು ಊಟದ ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಅದು ಸದ್ದು ಮಾಡಿದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ. ಸಂಬಳ ಬೆಳೆಯಿತು, ಸರಿ. ದಿನ ಮುಗಿಯಿತೆಂದು ಅವಳಿಗೆ ಹೇಳುವವರು ಯಾರು?