ಹಸೆ

ಹಳಗನ್ನಡದ 'ಪಸೆ' ಪಕಾರವು ಹಕಾರವಾಗಿ ಹೊಸಗನ್ನಡದಲ್ಲಿ 'ಹಸೆ'ಯಾಗಿದ್ದು, ಹಾಸು, ಹಾಸಿಗೆಗಳಿಗೆ ಹತ್ತಿರದ ಈ ಪದಕ್ಕೆ ಚಾಪೆ, ಶಯ್ಯೆ ಎಂಬ ಅರ್ಥಗಳ ಜೊತೆಗೆ ವಧೂವರರನ್ನು ಕೂರಿಸುವ ಮಂಗಳಾಸನವೆಂಬ ಅರ್ಥವೂ ಉಂಟು. ಮದುವೆಯಾಗುವುದನ್ನು 'ಹಸೆಮಣೆ ಏರುವುದು' ಎನ್ನುವುದೂ, ಮದುಮಕ್ಕಳನ್ನು ಆಸನಕ್ಕೆ ಆಹ್ವಾನಿಸಲು ಹೆಂಗಸರು ಹಸೆಗೆ ಕರೆಯುವ ಹಾಡು ಹೇಳುವುದೂ ಈ ಅರ್ಥದಿಂದಲೇ ಬಂದಿವೆ.

ಮಲೆನಾಡಿನ ಸಾಗರ, ಸೊರಬ ಸೀಮೆಯ ದೀವರ ಸಮುದಾಯದಲ್ಲಿ ಈ ಪದ ನೆಲದಿಂದ ಗೋಡೆಗೇರಿದೆ. ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳಲ್ಲಿ ಪುಂಡಿನಾರಿನ ಕುಂಚವನ್ನು ಅದ್ದಿ, ಸಣ್ಣ ನೇರ ಗೆರೆಗಳನ್ನು ಒಂದರ ಪಕ್ಕದಲ್ಲೊಂದು ಎಳೆಯುತ್ತ ಮಹಿಳೆಯರು ರಚಿಸುವ ಚಿತ್ರವೇ ಹಸೆ ಚಿತ್ತಾರ. ಅದರ ಚೌಕಟ್ಟಿನೊಳಗೆ ಮದುಮಕ್ಕಳ ಆಕೃತಿಗಳು ಕೆಲವೇ ರೇಖೆಗಳಲ್ಲಿ ಮೂಡುತ್ತವೆ. ಮುಖಚಹರೆಯಿಲ್ಲದ ಆ ಜೋಡಿ ಯಾವ ಮನೆಯ ಗೋಡೆಯ ಮೇಲಿದ್ದರೂ ಆ ಮನೆಯ ಮಕ್ಕಳೇ ಆಗಬಲ್ಲುದು, ಈ ಕಲೆಯ ಅತ್ಯಂತ ಸುಂದರ ಗುಣ ಬಹುಶಃ ಇದೇ.

ಇದನ್ನು ಬರಿಯ ಅಲಂಕಾರವೆಂದು ಕರೆಯುವುದು ಸಲ್ಲದು. ಬಸುರಿಯೆಂದು ಭಾವಿಸಿದ ಭೂಮಿಗೆ ಬಯಕೆಯ ಅಡುಗೆಯನ್ನು ಎಡೆಯಿಡುವ ಭೂಮಿ ಹುಣ್ಣಿಮೆಯಂದು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಗೆರೆಗಳು ಕಾಣಿಸಿಕೊಳ್ಳುವುದರಿಂದ, ಮದುವೆ, ಬೆಳೆ, ಬಸಿರುಗಳನ್ನು ಒಂದೇ ಮಾಂಗಲ್ಯದ ರೂಪಗಳೆಂದು ಕಾಣುವ ಶ್ರದ್ಧೆ ಇಲ್ಲಿ ಚಿತ್ರಭಾಷೆಯನ್ನು ಪಡೆದಿದೆ.